ಹರಿದರೂ ಪರವಾಗಿಲ್ಲ: ಸರ್ಕಾರಿ ಶಾಲೆಯ ಮಕ್ಕಳಿಗೆ ಕಥೆಪುಸ್ತಕ ಕೊಡುವ ಬಗೆ

ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಹಳ್ಳಿ ಶಾಲೆಗೆ ಮೂರು ರಟ್ಟಿನ ಡಬ್ಬ ತುಂಬ ಪುಸ್ತಕ ಕೊಟ್ಟು ಬಂದೆವು. ಶಾಲು ಹೊದಿಸಿದರು, ಫೋಟೊ ತೆಗೆದರು, ಉಪ್ಪಿಟ್ಟು ಕೇಸರಿಬಾತ್ ತಿನ್ನಿಸಿ ಕಳಿಸಿದರು. ಮರುವರ್ಷ ಅದೇ ದಾರಿಯಲ್ಲಿ ಹೋಗುವಾಗ ಸುಮ್ನೆ ಇಣುಕಿದೆ. ಡಬ್ಬಕ್ಕೆ ಕಟ್ಟಿದ್ದ ಹುರಿಯನ್ನು ಕೂಡ ಯಾರೂ ಬಿಚ್ಚಿರಲಿಲ್ಲ. ಮೂರೂ ಡಬ್ಬ ಬೀರುವಿನೊಳಗೆ, ಬೀರುವಿಗೆ ಬೀಗ.

"ಮಕ್ಳು ಹರಿದು ಹಾಕ್ತಾರೆ ಸರ್. ನಾಳೆ ಯಾರಾದ್ರೂ ಲೆಕ್ಕ ಕೇಳಿದ್ರೆ ನಾನೇನ್ ಹೇಳ್ಲಿ?" ಎಂದರು ಹೆಡ್ ಮಾಸ್ಟರು.

ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ತಪ್ಪಿನಲ್ಲಿ ಅವರ ಪಾಲು ಕಾಲು, ನಮ್ಮದು ಮುಕ್ಕಾಲು. ಆ ಡಬ್ಬಗಳಲ್ಲಿ ಇದ್ದದ್ದಾದರೂ ಏನು? ನಮ್ಮ ಅಪಾರ್ಟ್‌ಮೆಂಟಿನವರು ಮನೆ ಖಾಲಿ ಮಾಡುವಾಗ ಕೊಟ್ಟ ಹಳೇ ಗೈಡುಗಳು, ಇಂಗ್ಲಿಷ್ ಕಾದಂಬರಿಗಳು, ಎರಡು ಸಂಪುಟ ಕಾಣೆಯಾದ ವಿಶ್ವಕೋಶ, ಒಂದು ಮಧುಮೇಹದ ಅಡುಗೆ ಪುಸ್ತಕ. ಎರಡನೇ ಕ್ಲಾಸಿನ ಮಗು ಓದಬಹುದಾದದ್ದು ಹತ್ತು ಕೂಡ ಇರಲಿಲ್ಲ. ನಾವು ಕೊಟ್ಟಿದ್ದು ಪುಸ್ತಕವಲ್ಲ, ನಮ್ಮ ಮನೆಯ ರದ್ದಿ.

ಅಲ್ಲಿಂದ ಈಚೆಗೆ ಬೇರೆ ರೀತಿಯಲ್ಲಿ ಮಾಡುತ್ತಿದ್ದೇವೆ. ನೀವೂ ನಾಲ್ಕೈದು ಜನ ಸೇರಿ ಮಾಡಬೇಕು ಅಂತಿದ್ದರೆ ಈ ಅನುಭವ ಕೆಲಸಕ್ಕೆ ಬರಬಹುದು.

ಮೊದಲು ಶಾಲೆಗೆ ಬರಿಗೈಯಲ್ಲಿ ಹೋಗಿ

ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಸರ್ಕಾರವೇ ಪುಕ್ಕಟೆ ಕೊಡುತ್ತದೆ. ಅದನ್ನು ನಾವು ಕೊಡಬೇಕಿಲ್ಲ. ಕೊರತೆ ಇರುವುದು ಕಥೆಪುಸ್ತಕಕ್ಕೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಕಥೆಪುಸ್ತಕವೂ ಇರಬೇಕು ಎಂದೇ ಬರೆದಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇದಕ್ಕೆ ಅನುದಾನವೂ ಉಂಟು, ಕಿರಿಯ ಪ್ರಾಥಮಿಕ ಶಾಲೆಗೆ 5,000 ರೂಪಾಯಿವರೆಗೆ. ಹಾಗಾಗಿ "ನಿಮ್ಮಲ್ಲಿ ಪುಸ್ತಕ ಇಲ್ಲ ಅಲ್ವಾ" ಎಂದು ಮಾತು ಶುರು ಮಾಡಬೇಡಿ. ಇರಬಹುದು. "ಏನೇನಿದೆ ತೋರಿಸ್ತೀರಾ ಮೇಡಂ?" ಎಂದು ಕೇಳಿ. ಬೀರು ತೆಗೆಸಿ ನೋಡಿ. ಕೀಲಿಕೈ ಯಾರ ಹತ್ತಿರ ಇರುತ್ತದೆ ಅನ್ನುವುದನ್ನೂ ಗಮನಿಸಿ. ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ.

ಆ ದಿನ ತಿಳಿದುಕೊಳ್ಳಬೇಕಾದದ್ದು ಇಷ್ಟು. ಒಂದೊಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳು? ಅವರಲ್ಲಿ ಸರಾಗವಾಗಿ ಓದುವವರು ಎಷ್ಟು, ಅಕ್ಷರ ಕೂಡಿಸಿ ಓದುವವರು ಎಷ್ಟು? ಮನೆಯಲ್ಲಿ ಯಾವ ಮಾತು? ಈ ಕೊನೆಯ ಪ್ರಶ್ನೆ ಮರೆಯಬೇಡಿ. ಶಾಲೆ ಕನ್ನಡದ್ದಾದರೂ ಮನೆಮಾತು ಲಂಬಾಣಿ, ತುಳು, ಉರ್ದು, ತೆಲುಗು ಇರಬಹುದು. ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳ ಹತ್ತಿರದ ಶಾಲೆಗಳಲ್ಲಿ ಒಂದೇ ಬೆಂಚಿನ ಮೇಲೆ ಯಾದಗಿರಿಯ ಕನ್ನಡ, ಕರ್ನೂಲಿನ ತೆಲುಗು, ಬಿಹಾರದ ಹಿಂದಿ ಕೂತಿರುತ್ತವೆ.

ಮೊದಲ ಸಲಕ್ಕೆ ಒಂದೇ ಶಾಲೆ ಸಾಕು. ಐವತ್ತು ಅರವತ್ತು ಮಕ್ಕಳಿರುವ ಶಾಲೆಯಾದರೆ ಇನ್ನೂ ಒಳ್ಳೆಯದು. "ತಾಲ್ಲೂಕಿನ ಎಲ್ಲ ಶಾಲೆಗೂ" ಅನ್ನುವ ಹುಮ್ಮಸ್ಸು ಬಂದರೆ ಒಂದು ವರ್ಷ ತಡೆದುಕೊಳ್ಳಿ. ಎರಡಕ್ಕಿಂತ ಜಾಸ್ತಿ ಶಾಲೆಗೆ ಕೊಡುವುದಾದರೆ ಆ ಭಾಗದ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿಗೆ ಒಂದು ಮಾತು ಹೇಳಿ. ಯಾವ ಶಾಲೆಯಲ್ಲಿ ಓದಿಸುವ ಆಸೆ ಇರುವ ಟೀಚರ್ ಇದ್ದಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಪುಸ್ತಕ ಆರಿಸುವುದು: ಒತ್ತಕ್ಷರ ನೋಡಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಪುಸ್ತಕದ ಹಿಂದೆ "5ರಿಂದ 8 ವಯಸ್ಸಿನವರಿಗೆ" ಎಂದು ಅಚ್ಚಾಗಿರುವುದನ್ನು ನಂಬಿ ಕೊಂಡರೆ ಕೆಟ್ಟಿರಿ. ಮನೆಯಲ್ಲಿ ಪುಸ್ತಕ ಇಲ್ಲದ ಎಂಟು ವರ್ಷದ ಮಗು, ದಿನಾ ರಾತ್ರಿ ಅಮ್ಮ ಕಥೆ ಓದಿ ಹೇಳುವ ಐದು ವರ್ಷದ ಮಗುವಿಗಿಂತ ಹಿಂದೆ ಇರಬಹುದು. ಅದು ಮಗುವಿನ ದಡ್ಡತನ ಅಲ್ಲ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಈ ಪದ್ಧತಿಯಲ್ಲಿ ಅಕ್ಷರ ಕಲಿಯುವುದು ಅ ಆ ಇ ಈ ಕ್ರಮದಲ್ಲಲ್ಲ, ರ ಗ ಸ ದ ಅ ಎಂಬ ಕ್ರಮದಲ್ಲಿ. ಈ ಐದೇ ಅಕ್ಷರ ಬಂದರೆ ಮಗು ಅರಸ, ಅಗಸ, ಗರಗಸ ಓದುತ್ತದೆ. ಗದಗ ಎಂಬ ಬಸ್ಸಿನ ಬೋರ್ಡನ್ನೂ ಓದಿಬಿಡುತ್ತದೆ. ಆಮೇಲೆ ಕಾಗುಣಿತ, ಅದಾದ ಮೇಲೆ ಒತ್ತಕ್ಷರ.

ಅಂಗಡಿಯಲ್ಲಿ ನಿಂತಾಗ ನಾನು ಮಾಡುವುದು ಇಷ್ಟೇ. ಪುಸ್ತಕದ ಮಧ್ಯದ ಒಂದು ಪುಟ ತೆಗೆದು ಒತ್ತುಗಳನ್ನು ಎಣಿಸುತ್ತೇನೆ. ಒತ್ತೇ ಇಲ್ಲದ, ಅಥವಾ ಪುಟಕ್ಕೆ ಒಂದೆರಡು ಇರುವ ಪುಸ್ತಕ ಹೊಸದಾಗಿ ಓದುವವರಿಗೆ. ಅಕ್ಕ, ಹಕ್ಕಿ, ಬೆಲ್ಲ, ಕತ್ತೆ ಹೀಗೆ ಅದೇ ಅಕ್ಷರಕ್ಕೆ ಅದೇ ಒತ್ತು ಇರುವ ಪುಸ್ತಕ ಮುಂದಿನ ಮೆಟ್ಟಿಲು. ವಿಜ್ಞಾನ, ರಾಷ್ಟ್ರ, ಸ್ವಾತಂತ್ರ್ಯ ಬರುವಂಥವು ನಾಲ್ಕನೇ ಕ್ಲಾಸು ದಾಟಿದ ಮೇಲೆ. ಅರ್ಕಾವೊತ್ತಿನ ಮೇಲೆ ಒಂದು ಕಣ್ಣಿಡಿ. 'ಸೂರ್ಯ' ಎನ್ನುವಾಗ ರ ಮೊದಲು ಬಾಯಿಗೆ ಬರುತ್ತದೆ, ಬರೆಯುವಾಗ ಆಮೇಲೆ ಬರುತ್ತದೆ. ಎಷ್ಟೋ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಕರ್ನಾಟಕದ ಮಕ್ಕಳಿಗೆ 'ಕರ್ನಾಟಕ' ಓದುವುದೇ ಕಷ್ಟ, ನೋಡಿ!

ಎರಡನೆಯದು, ಪುಟವನ್ನು ಗಟ್ಟಿಯಾಗಿ ಓದುವುದು. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. "ಅಜ್ಜಿ ಅವಳಿಗೆ ಒಂದು ಮುಗುಳ್ನಗೆಯನ್ನು ನೀಡಿದಳು" ಎಂಬಂಥ ಸಾಲು ಬಂದರೆ ಪುಸ್ತಕ ಕೆಳಗಿಡಿ. ಯಾವ ಅಜ್ಜಿ ಮುಗುಳ್ನಗೆಯನ್ನು ನೀಡುತ್ತಾಳೆ? ಅಜ್ಜಿ ನಗುತ್ತಾಳೆ. ಅವಸರದ ಅನುವಾದಗಳಲ್ಲಿ ಇಂಥದ್ದು ಬಹಳ. ದೊಡ್ಡವರು ದಾಟಿಕೊಂಡು ಹೋಗುತ್ತೇವೆ. ಅಕ್ಷರ ಕೂಡಿಸಿ ಓದುವ ಮಗು ಇಡೀ ಸಾಲು ಮುಗಿಸುವ ಹೊತ್ತಿಗೆ ಅರ್ಥವೇ ಆಗದೆ ಬೇಸರಪಟ್ಟುಕೊಳ್ಳುತ್ತದೆ.

ಮೂರನೆಯದು ಮಕ್ಕಳ ಮುಂದೆಯೇ ನಡೆಯುವ ಪರೀಕ್ಷೆ. ಮೊದಲ ಭೇಟಿಗೆ ಹೋಗುವಾಗ ನಾಲ್ಕೈದು ಮಾದರಿ ಪುಸ್ತಕ ಚೀಲದಲ್ಲಿರಲಿ. ಒಂದು ಪುಟ ಓದಲು ಹೇಳಿ, ಗೊತ್ತಾಗದ ಪದ ಬಂದಾಗೆಲ್ಲ ಒಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಒಂದೂ ಮಡಚದಿದ್ದರೆ ಬಲು ಸುಲಭ. ಆದರೂ ಸುಲಭದ್ದು ನಾಲ್ಕು ಜಾಸ್ತಿಯೇ ಇರಲಿ ಅಂತ ನನ್ನ ಅನಿಸಿಕೆ. ಒಂದು ಪುಸ್ತಕವನ್ನು ಮೊದಲಿಂದ ಕೊನೆವರೆಗೆ ತಾನೇ ಓದಿ ಮುಗಿಸಿದ ಖುಷಿ ಗೊತ್ತಾದ ಮಗು ಇನ್ನೊಂದನ್ನು ತಾನಾಗಿಯೇ ಕೇಳುತ್ತದೆ.

ಇನ್ನು ಬೇಡವಾದವು. ನೀತಿ ಬೋಧನೆಯೇ ತುಂಬಿರುವ ಕಥೆಗಳು, ಕಾಪಿ ರೈಟಿಂಗ್ ಪುಸ್ತಕ, ಸ್ಪರ್ಧಾ ಪರೀಕ್ಷೆಯ ಪುಸ್ತಕ. ಹಳೆಯದನ್ನು ಕೊಡಲೇಬಾರದು ಅಂತಲ್ಲ. ನಿಮ್ಮ ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಅದನ್ನೇ ಕೊಡಲು ಮನಸ್ಸು ಒಪ್ಪಿದರೆ ಈ ಮಕ್ಕಳಿಗೂ ಕೊಡಿ. ಇಲ್ಲವಾದರೆ ಗುಜರಿಗೆ.

ದುಡ್ಡಿನ ಲೆಕ್ಕ

ತೆಳ್ಳಗಿನ ಕನ್ನಡ ಚಿತ್ರಪುಸ್ತಕಗಳು ಸಾಮಾನ್ಯವಾಗಿ ನೂರು ರೂಪಾಯಿ ಒಳಗೇ ಸಿಗುತ್ತವೆ. ಅರವತ್ತು ಮಕ್ಕಳ ಶಾಲೆ ಅಂದುಕೊಳ್ಳಿ. ಮನೆಗೆ ಒಯ್ಯಲು ತಲೆಗೊಂದು ಎಂದು ಅರವತ್ತೇ ಪುಸ್ತಕ ತರಬೇಡಿ, ಎಪ್ಪತ್ತೆರಡು ತನ್ನಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಒಂದಕ್ಕೆ ಸರಾಸರಿ 70 ರೂಪಾಯಿ ಹಿಡಿದರೆ 5,040 ರೂಪಾಯಿ. ನಾಲ್ಕು ಜನ ಹಂಚಿಕೊಂಡರೆ ತಲೆಗೆ 1,260. ಅದಕ್ಕಿಂತ ಜಾಸ್ತಿ ಸಂಗ್ರಹವಾದರೆ ಹೊಸ ಶಾಲೆ ಹುಡುಕಬೇಡಿ, ಇದೇ ಶಾಲೆಗೆ ಆರು ತಿಂಗಳ ಮೇಲೆ ಮತ್ತೆ ಹೋಗಲು ಇಟ್ಟುಕೊಳ್ಳಿ.

ಬೆಂಗಳೂರಿನ ಪ್ರಥಮ್ ಬುಕ್ಸ್, ನವಕರ್ನಾಟಕ, ದೆಹಲಿಯ ನ್ಯಾಷನಲ್ ಬುಕ್ ಟ್ರಸ್ಟ್, ಚೆನ್ನೈನ ತೂಲಿಕಾ ಇವೆಲ್ಲ ಕನ್ನಡದಲ್ಲಿ ಮಕ್ಕಳ ಪುಸ್ತಕ ತಂದಿವೆ. ತೂಲಿಕಾದ ದ್ವಿಭಾಷಾ ಪುಸ್ತಕಗಳಲ್ಲಿ ಕನ್ನಡ ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿ ಸಿಗುತ್ತವೆ. ಇಂಗ್ಲಿಷ್ ಬೇಕು ಎಂದು ಪಟ್ಟು ಹಿಡಿಯುವ ತಂದೆ ತಾಯಂದಿರಿಗೂ ಸಮಾಧಾನ. ಐವತ್ತಕ್ಕಿಂತ ಹೆಚ್ಚು ಪ್ರತಿ ಕೊಳ್ಳುವುದಾದರೆ ರಿಯಾಯಿತಿ ಕೇಳಿ, ನಾಚಿಕೆ ಬೇಡ. ನವೆಂಬರಿನಲ್ಲಿ ರಾಜ್ಯೋತ್ಸವದ ನೆಪದಲ್ಲಿ ಕನ್ನಡ ಪುಸ್ತಕಗಳಿಗೆ ಹಲವು ಕಡೆ ರಿಯಾಯಿತಿ ಇರುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ನಿಮ್ಮ ಮಕ್ಕಳು ಓದಿ ಬಿಟ್ಟ ಇಂಗ್ಲಿಷ್ ಚಿತ್ರಪುಸ್ತಕಗಳನ್ನು ಪೆಟ್ಟಿಗೆ ಕಟ್ಟಿ ಕಳಿಸಬೇಡಿ. ಆ ಸಾಗಣೆ ಖರ್ಚಿನಲ್ಲಿ ಇಲ್ಲಿ ರಾಶಿ ಕನ್ನಡ ಪುಸ್ತಕ ಬರುತ್ತವೆ. ಹಣ ಕಳಿಸುವಾಗಲೂ ಒಂದು ಎಚ್ಚರ ಬೇಕು. ವಿದೇಶಿ ಪೌರರಾದವರು ಇಲ್ಲಿನ ಸಂಸ್ಥೆಗೆ ದೇಣಿಗೆ ಕೊಡಬೇಕಾದರೆ ಆ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇರಬೇಕು. ಒಸಿಐ ಕಾರ್ಡಿನವರೂ ಇದರಲ್ಲಿ ಬರುತ್ತಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ಹಣಕ್ಕೆ ಈ ತೊಡಕಿಲ್ಲ.

ದುಡ್ಡು ಕಡಿಮೆ ಇದ್ದರೆ

ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ತಾಣ ಇದೆ. ಕನ್ನಡವೂ ಸೇರಿ ನೂರಾರು ಭಾಷೆಗಳ ಮಕ್ಕಳ ಕಥೆಗಳು ಚಿತ್ರಸಮೇತ ಅಲ್ಲಿವೆ. ಓದಲು ದುಡ್ಡಿಲ್ಲ, ಇಳಿಸಿಕೊಳ್ಳಲು ದುಡ್ಡಿಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಅಚ್ಚು ಹಾಕಿಸಿ ಹಂಚಲೂ ಯಾರನ್ನೂ ಕೇಳಬೇಕಿಲ್ಲ. ಬರೆದವರ, ಚಿತ್ರ ಬಿಡಿಸಿದವರ ಹೆಸರಿರುವ ಪುಟವನ್ನು ಮಾತ್ರ ತೆಗೆಯಬಾರದು. ಕಥೆಗಳನ್ನು ಓದುವ ಹಂತಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಒಂದನೇ ಹಂತದಿಂದಲೇ ಶುರು ಮಾಡಿ. ಎರಡು ಮನೆಮಾತಿನ ಮಕ್ಕಳು ಒಟ್ಟಿಗಿರುವ ಶಾಲೆಗಂತೂ ಇದು ವರ. ಒಂದೇ ಕಥೆಯ ಕನ್ನಡ ಪ್ರತಿ, ತೆಲುಗು ಪ್ರತಿ ಎರಡನ್ನೂ ತೆಗೆಸಿಕೊಡಬಹುದು.

ಜೆರಾಕ್ಸ್ ಅಂಗಡಿಯಲ್ಲಿ "ಬುಕ್‌ಲೆಟ್ ಪ್ರಿಂಟ್, ಸೆಂಟರ್ ಪಿನ್" ಎಂದು ಹೇಳಿ. ಒಟ್ಟು ಪುಟ ನಾಲ್ಕರಿಂದ ಭಾಗವಾಗುವಂತಿರಲಿ, ಇಲ್ಲದಿದ್ದರೆ ಖಾಲಿ ಪುಟ ಉಳಿಯುತ್ತದೆ. ಒಳಗಿನ ಹಾಳೆ 100 ಜಿಎಸ್‌ಎಂ (ಹಾಳೆಯ ದಪ್ಪ ಹೇಳುವ ಅಳತೆ) ಇದ್ದರೆ ಹಿಂದಿನ ಪುಟದ ಚಿತ್ರ ಈಚೆ ಅಷ್ಟಾಗಿ ಕಾಣುವುದಿಲ್ಲ. ಮೇಲುಹೊದಿಕೆ ಇನ್ನೂ ದಪ್ಪ ಇರಲಿ. ಮೊದಲು ಒಂದೇ ಪ್ರತಿ ತೆಗೆಸಿ, ಕನ್ನಡದ ಒತ್ತುಗಳು ಒಡೆದಿಲ್ಲ ಎಂದು ಸಾಲುಸಾಲು ನೋಡಿ. ಆಮೇಲೆ ಉಳಿದದ್ದು. ಬಣ್ಣದ ಪ್ರಿಂಟ್ ದುಬಾರಿ. ಹತ್ತು ಕಥೆಯನ್ನು ಕಪ್ಪುಬಿಳುಪಿನಲ್ಲಿ ತೆಗೆಸುವ ಬದಲು ಮೂರು ಕಥೆ ಬಣ್ಣದಲ್ಲಿರಲಿ. ಆನೆ ಬೂದು, ಹುಲಿ ಬೂದು, ಮಾವಿನಹಣ್ಣೂ ಬೂದು ಅಂದರೆ ಯಾರಿಗೆ ಓದಲು ಮನಸ್ಸಾದೀತು?

ಕಳಿಸುವುದು

ಖುದ್ದಾಗಿ ಹೋಗುವುದೇ ಒಳ್ಳೆಯದು. ಆಗದಿದ್ದರೆ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಬಳಸಿ. 2025ರ ಮೇ 1ರಂದು ಪುಸ್ತಕಗಳಿಗಾಗಿಯೇ ಬಂದ ಸೇವೆ. ಶುರುವಿನಲ್ಲಿ ನಿಗದಿಯಾದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೊಗೆ 100 ರೂಪಾಯಿ, ತೆರಿಗೆ ಬೇರೆ. ತೆಳ್ಳನೆಯ ಚಿತ್ರಪುಸ್ತಕ ನೂರು ಗ್ರಾಂ ಆಚೀಚೆ ತೂಗುತ್ತದೆ, ಒಂದು ಕಟ್ಟಿನಲ್ಲಿ ಹತ್ತಿರ ಹತ್ತಿರ ಐವತ್ತು ಹೋಗುತ್ತವೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಅಚ್ಚಾಗಿರಬೇಕು. ಪೆನ್ಸಿಲ್ಲು, ಚಾಕಲೇಟು ಸೇರಿಸಿ ಕಟ್ಟಬೇಡಿ. ಅದಕ್ಕಿಂತ ದೊಡ್ಡ ಹೊರೆಯಾದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲಿ ತಾಲ್ಲೂಕಿನ ಬಸ್ ನಿಲ್ದಾಣಕ್ಕೆ ಹಾಕಬಹುದು. ಅಲ್ಲಿಂದ ಶಾಲೆಗೆ ಯಾರು ಒಯ್ಯುತ್ತಾರೆ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಟೀಚರ ಸ್ಕೂಟಿಗೆ 25 ಕಿಲೊ ಪೆಟ್ಟಿಗೆ ಕಟ್ಟಿಸುವುದು ಸೇವೆಯಲ್ಲ. ಒಳಗೆ ಪ್ಲಾಸ್ಟಿಕ್ ಹೊದಿಸಿ, ಮಳೆಗಾಲದಲ್ಲಂತೂ ಎರಡು ಪದರ.

ಒಂದು ಚೀಟಿ

ಈಗ ಹೆಡ್ ಮಾಸ್ಟರ ಬೀಗದ ವಿಷಯಕ್ಕೆ ಬರೋಣ. ಶಾಲೆಗೆ ಬಂದ ವಸ್ತು ಸ್ಟಾಕ್ ರಿಜಿಸ್ಟರಿಗೆ ಏರುತ್ತದೆ. ಏರಿದ ಮೇಲೆ ಅದಕ್ಕೆ ಲೆಕ್ಕ ಕೊಡಬೇಕು. ವರ್ಗವಾಗಿ ಹೋಗುವಾಗ ಮುಂದಿನವರಿಗೆ ಎಣಿಸಿ ಒಪ್ಪಿಸಬೇಕು. ಹಾಗಿರುವಾಗ ಬೀಗ ಹಾಕದೆ ಇನ್ನೇನು ಮಾಡುತ್ತಾರೆ?

ಅದಕ್ಕೆ ನಾವು ಪುಸ್ತಕಗಳನ್ನು ಎರಡು ಪಾಲು ಮಾಡುತ್ತೇವೆ. ಒಂದು ಪಾಲು ಮಕ್ಕಳಿಗೇ, ತಲೆಗೊಂದು, ಮನೆಗೆ ಒಯ್ಯಲು. ಅದು ಶಾಲೆಯ ಸ್ವತ್ತಲ್ಲ, ರಿಜಿಸ್ಟರಿಗೆ ಏರಬೇಕಿಲ್ಲ. ಇನ್ನೊಂದು ಪಾಲು ಕ್ಲಾಸಿನಲ್ಲಿ ಹುರಿ ಕಟ್ಟಿ ಕ್ಲಿಪ್ಪಿನಲ್ಲಿ ನೇತು ಹಾಕುವುದಕ್ಕೆ. ಈ ಎರಡನೆಯದರ ಜೊತೆ ಒಂದು ಚೀಟಿ ಬರೆದು, ಸಹಿ ಹಾಕಿ, ರಿಜಿಸ್ಟರಿನ ಅದೇ ಪುಟಕ್ಕೆ ಅಂಟಿಸಿ ಬರುತ್ತೇವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಸಹಿಯೂ ಬಿದ್ದರೆ ಟೀಚರಿಗೆ ಧೈರ್ಯ. ಒಕ್ಕಣೆ ಇಷ್ಟೇ:

"ಈ 40 ಕಥೆಪುಸ್ತಕಗಳು ಮಕ್ಕಳು ಕೈಯಲ್ಲಿ ಹಿಡಿದು ಓದಲಿ ಎಂದು ಕೊಟ್ಟವು. ಓದುವಾಗ ಹರಿದರೆ, ಕಳೆದುಹೋದರೆ, ಮನೆಗೆ ಒಯ್ದದ್ದು ಮರಳಿ ಬರದಿದ್ದರೆ ಶಿಕ್ಷಕರಾಗಲಿ ಮಗುವಾಗಲಿ ಹೊಣೆಯಲ್ಲ. ಬದಲಿ ಪುಸ್ತಕವನ್ನಾಗಲಿ ಹಣವನ್ನಾಗಲಿ ನಾವು ಕೇಳುವುದಿಲ್ಲ. ಹಾಳಾದದ್ದನ್ನು ತೆಗೆದುಹಾಕುವ ತೀರ್ಮಾನ ಮುಖ್ಯ ಶಿಕ್ಷಕರದ್ದು."

ನಾವು ಈ ಚೀಟಿ ಕೊಟ್ಟ ಶಾಲೆಗಳಲ್ಲಿ ಪುಸ್ತಕ ಬೀರುವಿನಿಂದ ಹೊರಗಿದೆ. ನೂರು ಪುಸ್ತಕಕ್ಕಿಂತ ಈ ಚೀಟಿ ಜಾಸ್ತಿ ಕೆಲಸ ಮಾಡಿದೆ ಅಂತ ಕೆಲವೊಮ್ಮೆ ಅನಿಸುತ್ತದೆ.

ಕೊಡುವ ದಿನ

ಯಾವಾಗ ಕೊಡಬೇಕು? ಜೂನ್ ಬೇಡ. ದಾಖಲಾತಿ, ಸಮವಸ್ತ್ರ, ಪಠ್ಯಪುಸ್ತಕದ ಗಲಾಟೆಯಲ್ಲಿ ಟೀಚರಿಗೆ ಉಸಿರಾಡಲೂ ಬಿಡುವಿಲ್ಲ. ನೇತು ಹಾಕುವ ಪುಸ್ತಕಕ್ಕೆ ಆಗಸ್ಟ್ ಸರಿ. ಮನೆಗೆ ಒಯ್ಯುವ ಪುಸ್ತಕವನ್ನು ದಸರಾ ರಜೆಗೆ ಅಥವಾ ಬೇಸಿಗೆ ರಜೆಗೆ ಎರಡು ದಿನ ಮುಂಚೆ ಕೊಡಿ. ರಜೆಯಲ್ಲಿ ಓದು ಮರೆತುಹೋಗುವ ಮಕ್ಕಳೇ ಇವರು.

ವೇದಿಕೆ, ಮೈಕು, ಮುಖ್ಯ ಅತಿಥಿ ಬೇಡ. ಒಂದು ಜಮಖಾನ ಹಾಸಿ, ಪುಸ್ತಕಗಳನ್ನು ಮುಖಪುಟ ಮೇಲಾಗಿ ಹರಡಿ, ಮಕ್ಕಳೇ ಆರಿಸಿಕೊಳ್ಳಲಿ. ಎಪ್ಪತ್ತೆರಡು ತನ್ನಿ ಎಂದೆನಲ್ಲ, ಅದು ಇದಕ್ಕೆ. ಅರವತ್ತೇ ಇದ್ದರೆ ಕೊನೆಯ ಮಗುವಿಗೆ ಉಳಿದದ್ದೇ ಗತಿ. ಹನ್ನೆರಡು ಹೆಚ್ಚಿಗೆ ಇದ್ದರೆ ಕೊನೆಯ ಮಗುವಿಗೂ ಹದಿಮೂರರಲ್ಲಿ ಒಂದನ್ನು ಆರಿಸುವ ಭಾಗ್ಯ. ಚಿಕ್ಕ ಕ್ಲಾಸಿನವರನ್ನು ಮೊದಲು ಬಿಡಿ, ಇಲ್ಲದಿದ್ದರೆ ದೊಡ್ಡವರು ನುಗ್ಗುತ್ತಾರೆ. ಏಳನೇ ಕ್ಲಾಸಿನ ಹುಡುಗ ಮೂರು ಸಾಲಿನ ಚಿತ್ರಪುಸ್ತಕ ತಗೊಂಡರೆ "ಇದು ಚಿಕ್ಕವರದ್ದು ಕಣೋ" ಎನ್ನಬೇಡಿ. ಅವನಿಗೆ ಓದಲು ಬರುವುದು ಅಷ್ಟೇ ಇರಬಹುದು. ಅಥವಾ ಮನೆಯಲ್ಲಿ ಪುಟ್ಟ ತಂಗಿ ಇರಬಹುದು.

ಆಮೇಲೆ ಮೊದಲ ಪುಟದಲ್ಲಿ ಮಗುವೇ ತನ್ನ ಹೆಸರು ಬರೆಯಬೇಕು. ನಿಮ್ಮ ಹೆಸರು, ನಿಮ್ಮ ಕಂಪನಿಯ ಸೀಲು, ತೀರಿಹೋದ ತಾತನ ಫೋಟೊ ಆ ಪುಟದಲ್ಲಿ ಬೇಡ. ಕೊಪ್ಪಳದ ಕಡೆಯ ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿನ ಹುಡುಗಿ ಹೆಸರು ಬರೆದು, ಪೆನ್ನು ಕೈಯಲ್ಲೇ ಹಿಡಿದು ಕೇಳಿದಳು, "ಸರ, ಇದು ನಂದೇ ಏನ್ರಿ? ಹೊಳ್ಳಿ ಕೊಡಬೇಕೇನ್ರಿ?" ಕೊಡಬೇಕಿಲ್ಲ ಎಂದೆ. ಹೆಸರಿನ ಕೆಳಗೆ ಊರು, ಅದರ ಕೆಳಗೆ ತಾಲ್ಲೂಕು, ಜಿಲ್ಲೆ ಎಲ್ಲ ಬರೆದಳು.

ಮಕ್ಕಳ ಮುಖದ ಫೋಟೊ ತೆಗೆದು ಎಲ್ಲೆಡೆ ಹಾಕುವುದನ್ನು ಬಿಟ್ಟುಬಿಡಿ. ನೆನಪಿಗೆ ಬೇಕಿದ್ದರೆ ಜಮಖಾನದ ಮೇಲಿನ ಪುಸ್ತಕಗಳ ಫೋಟೊ ಸಾಕು. ಬಾಲಮಂದಿರದಂಥ ಕಡೆ ಮಕ್ಕಳ ಗುರುತು ಬಿಟ್ಟುಕೊಡುವುದು ಕಾನೂನಿನ ಪ್ರಕಾರವೇ ತಪ್ಪು.

ಶಾಲೆ ಬಿಟ್ಟರೆ ಎಲ್ಲಿ?

ಗ್ರಾಮ ಪಂಚಾಯಿತಿ ಗ್ರಂಥಾಲಯ ಮರೆಯಬೇಡಿ, ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ. 2020ರ ನವೆಂಬರ್ 14ರಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಪುಸ್ತಕ ದಾನಕ್ಕೆ 'ಪುಸ್ತಕ ಜೋಳಿಗೆ' ಎಂಬ ಅಭಿಯಾನವನ್ನೂ ಪಂಚಾಯತ್ ರಾಜ್ ಇಲಾಖೆ ನಡೆಸಿದೆ. ಶಾಲೆಗೆ ರಜೆ ಇದ್ದಾಗಲೂ ಇದು ತೆರೆದಿರುತ್ತದೆ, ಅದೇ ಇದರ ದೊಡ್ಡ ಲಾಭ. ಹೋಗಿ ಮಕ್ಕಳ ಕಪಾಟು ಯಾವ ಎತ್ತರದಲ್ಲಿದೆ ನೋಡಿ. ಮಗುವಿನ ಕೈಗೆ ಎಟುಕದಿದ್ದರೆ ಮೊದಲು ಅದನ್ನು ಕೆಳಗಿಳಿಸಲು ಕೇಳಿಕೊಳ್ಳಿ.

ಗಡಿಯಾಚೆಯ ಕನ್ನಡ ಶಾಲೆಗಳೂ ಇವೆ. ಕಾಸರಗೋಡು, ಅಕ್ಕಲಕೋಟೆ, ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳ ಮಕ್ಕಳಿಗೆ ಊರಿನ ಅಂಗಡಿಯಲ್ಲಿ ಕನ್ನಡ ಕಥೆಪುಸ್ತಕ ಸಿಗುವುದು ಇನ್ನೂ ಕಷ್ಟ. ಅಂಚೆಯಲ್ಲಿ ಕಳಿಸುವುದಿದ್ದರೆ ನಾನು ಮೊದಲು ಅಲ್ಲಿಗೇ ಕಳಿಸುತ್ತೇನೆ.

ಎರಡನೇ ಭೇಟಿ

ಆರು ತಿಂಗಳು ಬಿಟ್ಟು ಹೋಗಿ. ಹೋಗುವಾಗ ಹೊಸ ಪುಸ್ತಕಕ್ಕಿಂತ ಮೊದಲು ಗೋಂದು, ಅಗಲದ ಟೇಪು, ದಪ್ಪ ಸೂಜಿ, ದಾರ ತೆಗೆದುಕೊಳ್ಳಿ. ಮಕ್ಕಳನ್ನು ಕೂರಿಸಿಕೊಂಡು ಹರಿದದ್ದನ್ನು ಸರಿ ಮಾಡಿ. ಪಿನ್ನು ಕಿತ್ತು ಬಂದಿದ್ದರೆ ಅದೇ ತೂತಿನಲ್ಲಿ ದಾರ ಹಾಕಿ ಹೊಲಿಯಬಹುದು, ಐದನೇ ಕ್ಲಾಸಿನವರಿಗೆ ಒಮ್ಮೆ ತೋರಿಸಿದರೆ ಸಾಕು. ಯಾರು ಹರಿದದ್ದು ಅಂತ ವಿಚಾರಣೆ ಬೇಡ.

ಕೈಯಾಡಿಸುತ್ತ ಒಂದು ಪಟ್ಟಿ ಮಾಡಿಕೊಳ್ಳಿ. ಯಾವುದರ ಮೂಲೆಗಳು ಮಡಚಿವೆ, ಯಾವುದರ ಮೇಲೆ ಎಣ್ಣೆ ಕಲೆ, ಯಾವುದರ ಮುಖಪುಟವೇ ಹೋಗಿದೆ. ಯಾವುದು ಅಂಗಡಿಯಿಂದ ತಂದಂತೆಯೇ ಹೊಳೆಯುತ್ತಿದೆ ಅನ್ನುವುದನ್ನೂ ಬರೆದುಕೊಳ್ಳಿ. ಮುಂದಿನ ಖರೀದಿಗೆ ಹೋಗುವಾಗ ಈ ಪಟ್ಟಿ ಜೇಬಿನಲ್ಲಿರಲಿ. ಹೊಳೆಯುತ್ತಿದ್ದಂಥದ್ದು ಮತ್ತೆ ಬೇಡ. ಮುಖಪುಟ ಹೋದದ್ದರ ಎರಡೆರಡು ಪ್ರತಿ ತನ್ನಿ.